ಒಣ ಕಸಕ್ಕೊಂದು ಜಾಗ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ಬಡಾವಣೆ. ಆ ವಾರ್ಡಿಗೆ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ ಬೇಕಾಗಿದೆ, ಜಾಗ ಇನ್ನೂ ನಿಗದಿಯಾಗಿಲ್ಲ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ನಿವಾಸಿಗಳ ಸಂಘದ ಅಧ್ಯಕ್ಷರು, ನಿವೃತ್ತ ಇಂಜಿನಿಯರ್. ಇನ್ನೊಬ್ಬರು ಪಕ್ಕದ ವಾರ್ಡಿನಲ್ಲಿ ಅಂಥದೇ ಕೇಂದ್ರ ನಡೆಸುವ ಮಹಿಳೆ, ಮೊದಲು ಬೀದಿಯಲ್ಲಿ ಕಸ ಆಯ್ದು ಬದುಕಿದವರು.

ಹಿರಿಯರು: ಬನ್ನಿ ಅಮ್ಮಾ, ಕೂತ್ಕೊಳ್ಳಿ. ಪಾಲಿಕೆಯವರು ನಮ್ಮ ವಾರ್ಡಿನಲ್ಲಿ ಜಾಗ ಹುಡುಕ್ತಿದ್ದಾರೆ. ಸಂಘದ ಅಭಿಪ್ರಾಯ ಕೇಳಿದ್ದಾರೆ. ಸಭೆ ಕರೆಯೋದಕ್ಕೆ ಮುಂಚೆ ಕೆಲಸ ಗೊತ್ತಿರೋರ ಹತ್ತಿರ ಮಾತಾಡೋಣ ಅಂತ ನಿಮ್ಮನ್ನ ಕರೆಸಿದೆ. ಒಂದು ಮೊದಲೇ ಹೇಳಿಬಿಡ್ತೀನಿ, ಕೇಂದ್ರ ಬೇಡ ಅನ್ನೋನು ನಾನಲ್ಲ. ಎಲ್ಲಿ ಅನ್ನೋದಷ್ಟೇ ಪ್ರಶ್ನೆ.

ನಿರ್ವಾಹಕಿ: ಯಾವ ಬಡಾವಣೆಗೆ ಹೋದರೂ ಇದೇ ಮಾತು ಸಾರ್. ಬೇಡ ಅಂತ ಯಾರೂ ಹೇಳಲ್ಲ, ಇಲ್ಲಿ ಬೇಡ ಅಂತಾರೆ. ಆ ‘ಇಲ್ಲಿ’ ಎಲ್ಲಿ ಅಂತ ನೋಡಿದರೆ ಅವರವರ ಮನೆ ಗೇಟು.

ಹಿರಿಯರು: ಹಾಗಾದರೆ ಎಲ್ಲರ ಗೇಟಿನಿಂದಲೂ ದೂರ ಹೋಗೋಣ. ಕನಕಪುರ ರಸ್ತೆ ಹಿಡಿದು ಇನ್ನೊಂದಷ್ಟು ಮುಂದೆ ಹೋದರೆ ಜಾಗ ಬೇಕಾದಷ್ಟಿದೆ. ಹತ್ತು ವಾರ್ಡಿಗೆ ಸೇರಿಸಿ ಒಂದೇ ದೊಡ್ಡ ಶೆಡ್ ಹಾಕಿಬಿಡಲಿ. ಯಾರಿಗೂ ತೊಂದರೆ ಇಲ್ಲ.

ನಿರ್ವಾಹಕಿ: ಅಲ್ಲಿ ಊರಿಲ್ವಾ ಸಾರ್? ನಮ್ಮ ಕಣ್ಣಿಗೆ ಖಾಲಿ ಅಂತ ಕಾಣೋ ಜಾಗದ ಪಕ್ಕದಲ್ಲಿ ಯಾರದ್ದೋ ಹೊಲ, ಯಾರದ್ದೋ ಬೋರ್‌ವೆಲ್ಲು ಇರುತ್ತೆ. ನಗರದ ಕಸ ಸುರೀತಿದ್ದ ಮಾವಳ್ಳಿಪುರವೂ ಹಾಗೇ ಖಾಲಿ ಅಂತ ಕಂಡಿದ್ದು. 2012ರಲ್ಲಿ ಆ ಊರಿನವರು ಇನ್ನು ಸಾಕು ಅಂದಮೇಲೆ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಗುಡ್ಡೆ ಬಿತ್ತು. ಆಮೇಲೆ ಲಾರಿಗಳೆಲ್ಲ ಮಂಡೂರಿನ ದಾರಿ ಹಿಡಿದವು. ಮಂಡೂರಿನವರೂ ಹೋರಾಟಕ್ಕೆ ಕೂತರು. 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಹೋಗೋದೂ ನಿಂತಿತು.

ಹಿರಿಯರು: ಅಲ್ಲಿ ಸುರಿದದ್ದು ಮಿಶ್ರ ಕಸ. ಅನ್ನ, ಮಾಂಸ, ಡಯಾಪರು, ಪ್ಲಾಸ್ಟಿಕ್ಕು ಎಲ್ಲ ಒಂದರ ಮೇಲೊಂದು. ನಾವು ಮಾತಾಡ್ತಿರೋದು ಒಣ ಕಸದ ಬಗ್ಗೆ. ಎರಡಕ್ಕೂ ವ್ಯತ್ಯಾಸ ಇದೆ.

ನಿರ್ವಾಹಕಿ: ಖಂಡಿತ ಇದೆ. ಆದರೆ ಮಿಶ್ರ ಕಸ ಹುಟ್ಟಿದ್ದೇ ‘ದೂರ ಹೋಗುತ್ತಲ್ಲ’ ಅನ್ನೋ ಧೈರ್ಯದಿಂದ. ಕಣ್ಣಿಗೆ ಕಾಣದ ಕಡೆ ಹೋಗೋದನ್ನ ಯಾರು ಸಾರ್ ಬೇರೆ ಮಾಡಿ ಕೊಡ್ತಾರೆ? ನಮ್ಮ ಕೇಂದ್ರಕ್ಕೆ ಒಂದು ದಿನ ಬಂದು ನೋಡಿಹೋದ ಮನೆಯವರು ಮರುವಾರದಿಂದ ಹಾಲಿನ ಕವರನ್ನ ತೊಳೆದು ಒಣಗಿಸಿ ಕೊಡ್ತಾರೆ. ಕೇಂದ್ರ ಮೂವತ್ತು ಕಿಲೋಮೀಟರ್ ಆಚೆ ಇದ್ದಿದ್ದರೆ ಅವರು ಬಂದು ನೋಡ್ತಿರಲಿಲ್ಲ.

ಹಿರಿಯರು: ನಿಮ್ಮ ಮಾತಿಗೆ ನಾನೇ ಒಂದು ಸಾಕ್ಷಿ ಕೊಡ್ತೀನಿ. ಎಚ್‌ಎಸ್‌ಆರ್ ಲೇಔಟ್ ಹತ್ತಿರ ಸರ್ಕಾರದ ಕಾಂಪೋಸ್ಟ್ ನಿಗಮದ ಘಟಕ ಇದೆಯಲ್ಲ, ಆ ನಿಗಮ ಹುಟ್ಟಿದ್ದು 1975ರಲ್ಲಿ. ಆಗ ಆ ಕಡೆ ಹೊಲ, ಕೆರೆ, ಹಳ್ಳಿ ಬಿಟ್ಟರೆ ಏನೂ ಇರಲಿಲ್ಲ. ಊರು ಬೆಳೀತಾ ಬೆಳೀತಾ ಘಟಕದ ಕಾಂಪೌಂಡಿಗೇ ಬಂದು ಆತುಕೊಂಡಿತು. ಅಲ್ಲಿ ಮನೆ ಕೊಂಡವರು ವಾಸನೆ ತಡೆಯಲಾರದೆ ಬೀದಿಗಿಳಿದರು. ಇಂಜಿನಿಯರಾಗಿ ನಾನು ಕಂಡುಕೊಂಡದ್ದು ಇಷ್ಟು: ಬೆಂಗಳೂರಿನಲ್ಲಿ ‘ಊರ ಹೊರಗೆ’ ಅನ್ನೋ ಜಾಗ ಬಹಳ ಕಾಲ ಊರ ಹೊರಗೇ ಉಳಿಯೋದಿಲ್ಲ.

ನಿರ್ವಾಹಕಿ: ಅದನ್ನೇ ನಿಮ್ಮ ಸಭೆಯಲ್ಲೂ ಹೇಳಿ ಸಾರ್.

ಹಿರಿಯರು: ಹೇಳ್ತೀನಿ. ಆದರೆ ಒಂದು ದೊಡ್ಡ ಶೆಡ್ ಇದ್ದರೆ ಖರ್ಚು ಕಡಿಮೆ, ಉಸ್ತುವಾರಿ ಸುಲಭ. ಅದನ್ನ ತಳ್ಳಿಹಾಕೋ ಹಾಗಿಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಮನೆಯಿಂದ ದಿನಕ್ಕೆ ಕಾಲು ಕೆ.ಜಿ. ಒಣ ಕಸ ಬರುತ್ತೆ ಅಂತ ಇಟ್ಟುಕೊಳ್ಳಿ. ವಾರ್ಡಿನಲ್ಲಿ 8,000 ಮನೆ ಇದ್ದರೆ 2,000 ಕೆ.ಜಿ., ಅಂದರೆ ಎರಡು ಟನ್. ಒಂದು ಲಾರಿಗೆ ಅದು ಯಾವ ಭಾರ?

ನಿರ್ವಾಹಕಿ: ತೂಕ ನೋಡಬೇಡಿ ಸಾರ್, ಗಾತ್ರ ನೋಡಿ. ಅಮುಕದೇ ಇರೋ ನೀರಿನ ಬಾಟಲಿ, ಥರ್ಮಾಕೋಲು, ಆನ್‌ಲೈನಲ್ಲಿ ತರಿಸಿದ ಸಾಮಾನಿನ ರಟ್ಟಿನ ಡಬ್ಬ. ಆಟೋ ಟಿಪ್ಪರ್ ಕಂಠದವರೆಗೂ ತುಂಬಿರುತ್ತೆ, ತೂಕಕ್ಕೆ ಹಾಕಿದರೆ ಇಷ್ಟೇನಾ ಅನ್ನಿಸುತ್ತೆ. ಅದನ್ನ ಹಾಗೇ ಮೂವತ್ತು ಕಿಲೋಮೀಟರ್ ಒಯ್ದರೆ ಡೀಸೆಲ್ ಸುಟ್ಟು ಗಾಳಿ ಸಾಗಿಸಿದ ಹಾಗೆ. ಇಲ್ಲೇ ವಿಂಗಡಿಸಿ, ಬೇಲಿಂಗ್ ಯಂತ್ರದಲ್ಲಿ ಅಮುಕಿ ಕಟ್ಟಿದರೆ ಅದೇ ಲಾರಿ ಹಲವು ಪಟ್ಟು ಮಾಲು ಹೊರುತ್ತೆ. ರಟ್ಟು, ಪೇಪರ್ ಜಾಲಿ ಮೊಹಲ್ಲಾ ಕಡೆಗೆ, ಪ್ಲಾಸ್ಟಿಕ್ ನಾಯಂಡಹಳ್ಳಿ ಕಡೆಗೆ ಹೋಗುತ್ತೆ. ಕೊಳ್ಳೋರು ಇರೋದು ಊರೊಳಗೇ. ಮಾಲನ್ನ ಊರಾಚೆ ಒಯ್ದು ಮತ್ತೆ ಊರೊಳಕ್ಕೆ ತರೋದು ಯಾಕೆ?

ಹಿರಿಯರು: ಅಂದರೆ ಹಗುರವಾದದ್ದನ್ನ ಹತ್ತಿರ ಇಳಿಸಬೇಕು, ಅಮುಕಿದಮೇಲೆ ದೂರ ಕಳಿಸಬೇಕು. ಇದು ಸರಿಯಾದ ತರ್ಕ. ಕರಾವಳಿಯಲ್ಲಿ ಇದನ್ನೇ ಎರಡು ಹಂತದಲ್ಲಿ ಮಾಡಿದ್ದಾರೆ. ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ‘ಸ್ವಚ್ಛ ಸಂಕೀರ್ಣ’ ಅಂತ ಸಣ್ಣ ಘಟಕ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ‘ಸ್ವಚ್ಛ ವಾಹಿನಿ’ ಗಾಡಿ ಓಡಿಸಿಕೊಂಡು ಮನೆಮನೆಯ ಒಣ ಕಸ ಅಲ್ಲಿಗೆ ತರ್ತಾರೆ. ಅಂಥ ಹಲವು ಪಂಚಾಯಿತಿಗಳ ಮಾಲು ಒಟ್ಟಾಗಿ ಸೇರೋದು ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿರೋ ದೊಡ್ಡ ಘಟಕಕ್ಕೆ. ಅದರ ಸಾಮರ್ಥ್ಯ ದಿನಕ್ಕೆ 10 ಟನ್.

ನಿರ್ವಾಹಕಿ: ನೋಡಿ, ಅಲ್ಲೂ ಮೊದಲ ಹಂತ ಮನೆಗಳ ಹತ್ತಿರವೇ. ದೊಡ್ಡದು ಬೇಡ ಅಂತ ನಾನೂ ಹೇಳಲ್ಲ, ಸಣ್ಣದಕ್ಕೆ ಬದಲಾಗಿ ದೊಡ್ಡದು ಅಂದರೆ ಒಪ್ಪಲ್ಲ. ಇನ್ನೊಂದು ಮಾತು. ವಿಂಗಡಿಸೋರು ಎಲ್ಲಿಂದ ಬರ್ತಾರೆ? ನನ್ನ ಹತ್ತಿರ ಇರೋ ಹೆಂಗಸರೆಲ್ಲ ನಡೆದು ಬರೋ ದೂರದೋರು. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರ್ತಾರೆ, ಬಿಡೋ ಹೊತ್ತಿಗೆ ಹೋಗ್ತಾರೆ.

ಹಿರಿಯರು: ಈಗ ಹೆಂಗಸರಿಗೆ ಬಸ್ ಉಚಿತ ಆಗಿದೆಯಲ್ಲ, 2023ರ ಜೂನಿನಿಂದ.

ನಿರ್ವಾಹಕಿ: ಬಸ್ ಉಚಿತ ಸಾರ್, ಹೊತ್ತು ಉಚಿತ ಅಲ್ಲ. ಹೋಗ್ತಾ ಎರಡು ಗಂಟೆ, ಬರ್ತಾ ಎರಡು ಗಂಟೆ ಬಸ್ಸಿನಲ್ಲಿ ಕೂತರೆ ಮನೇಲಿ ಒಲೆ ಹಚ್ಚೋರು ಯಾರು? ಕೇಂದ್ರ ದೂರ ಹೋದರೆ ಮೊದಲು ಕೆಲಸ ಬಿಡೋರು ಇವರೇ. ಕೈಯಲ್ಲಿ ಮುಟ್ಟಿ ಇದು ಯಾವ ಪ್ಲಾಸ್ಟಿಕ್ಕು ಅಂತ ಹೇಳೋ ಜನ ಅವರು. ಅವರು ಹೋದಮೇಲೆ ಯಂತ್ರ ತಂದು ಹಾಕಿದರೂ ಮಾಲಿಗೆ ಬೆಲೆ ಬರಲ್ಲ.

ಹಿರಿಯರು: ಒಪ್ಪಿದೆ, ವಾರ್ಡಿನೊಳಗೇ ಇರಲಿ. ವಾರ್ಡಿಗೊಂದು ಕೇಂದ್ರ ಅಂತ ಹೈಕೋರ್ಟೂ ಹೇಳಿದೆ. ಈಗ ನಮ್ಮ ಸದಸ್ಯರು ಸೂಚಿಸಿರೋ ಜಾಗಗಳ ಪಟ್ಟಿ ನೋಡೋಣ. ಮೊದಲನೇದು ಮೇಲ್ಸೇತುವೆ ಕೆಳಗಿನ ಜಾಗ. ಮೇಲೆ ಸೂರಿದೆ, ಪಕ್ಕದಲ್ಲಿ ಮನೆ ಇಲ್ಲ, ಬಾಡಿಗೆಯೂ ಇಲ್ಲ.

ನಿರ್ವಾಹಕಿ: ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರೋದು ಬೆಂಕಿಗೆ. ಪೇಪರು, ಪ್ಲಾಸ್ಟಿಕ್ಕು ಒಂದು ಸಲ ಹತ್ತಿಕೊಂಡರೆ ಬೇಗ ಆರಲ್ಲ. ಸೇತುವೆ ಕೆಳಗೆ ಯಾರೋ ಬೀಡಿ ಎಸೆದು ಹೋದರೆ ಕೇಳೋರು ಯಾರು? ಅಲ್ಲಿ ಗೋಡೆ ಇಲ್ಲ, ನೀರಿಲ್ಲ, ರಾತ್ರಿ ಕಾಯೋರಿಲ್ಲ.

ಹಿರಿಯರು: ನೀವು ಹೇಳಿದಾಗ ನೆನಪಾಯ್ತು. 2017ರ ಮಾರ್ಚಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಹೆದ್ದಾರಿ ಸೇತುವೆಯ ಕೆಳಗೆ ಪ್ಲಾಸ್ಟಿಕ್ ಕೊಳವೆಗಳನ್ನ ದಾಸ್ತಾನು ಮಾಡಿದ್ದರು. ಅದಕ್ಕೆ ಬೆಂಕಿ ಬಿದ್ದು ಸೇತುವೆಯ ಒಂದು ಭಾಗವೇ ಕುಸಿದುಬಿತ್ತು. ಕಾಂಕ್ರೀಟಿಗೂ ಒಳಗಿರೋ ಕಬ್ಬಿಣಕ್ಕೂ ಅಂಥ ಶಾಖ ಆಗೋದಿಲ್ಲ. ಸೇತುವೆ ಕೆಳಗೆ ಬೇಡ, ಇದನ್ನ ನಾನೇ ಹೊಡೆದುಹಾಕ್ತೀನಿ. ಎರಡನೇದು ಪಾರ್ಕಿನ ಹಿಂದಿನ ಮೂಲೆ.

ನಿರ್ವಾಹಕಿ: ಪಾರ್ಕು ಬೇಡ ಸಾರ್. ಮಕ್ಕಳು ಆಡೋ ಜಾಗ ಕಿತ್ಕೊಂಡು ಕೇಂದ್ರ ಮಾಡಿದರೆ ಜನ ನಮ್ಮ ಮುಖ ನೋಡಿದಾಗೆಲ್ಲ ಅದನ್ನೇ ನೆನೀತಾರೆ.

ಹಿರಿಯರು: ಕಾನೂನೂ ಒಪ್ಪೋದಿಲ್ಲ. ಉದ್ಯಾನ, ಆಟದ ಮೈದಾನಗಳನ್ನ ಬೇರೆ ಕೆಲಸಕ್ಕೆ ತಿರುಗಿಸಬಾರದು ಅಂತ 1985ರ ರಾಜ್ಯ ಕಾಯ್ದೆಯೇ ಇದೆ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಶೆಡ್ ಸಮೇತ ಎತ್ತಬೇಕಾಗುತ್ತೆ. ಮೂರನೇದು ರಾಜಕಾಲುವೆ ಪಕ್ಕದ ಪಟ್ಟಿ. ಉದ್ದಕ್ಕೆ ಖಾಲಿ ಇದೆ.

ನಿರ್ವಾಹಕಿ: ಅದು ಖಾಲಿ ಇರೋದು ನೀರಿಗೆ. ಒಂದು ರಾತ್ರಿ ಜೋರು ಮಳೆ ಬಂದರೆ ನಮ್ಮ ಮಾಲೆಲ್ಲ ಕಾಲುವೆಯಲ್ಲಿ ತೇಲಿಕೊಂಡು ಕೆರೆಗೆ ಹೋಗುತ್ತೆ. ಕೆರೆ ಉಳಿಸಬೇಕು ಅಂತಾನೇ ಒಣ ಕಸ ಬೇರೆ ಮಾಡಿಸಿ, ಕೊನೆಗೆ ನಾವೇ ಕೆರೆ ತುಂಬಿಸಿದ ಹಾಗಾಗುತ್ತೆ. ರದ್ದಿ ಒಂದು ಸಲ ನೆನೆದರೆ ಅದರ ಬೆಲೆಯೂ ಹೋಯ್ತು.

ಹಿರಿಯರು: ನಗರದ 2015ರ ಮಹಾಯೋಜನೆ ಪ್ರಕಾರ ದೊಡ್ಡ ಕಾಲುವೆಗೆ ನಡುಮಧ್ಯದಿಂದ 50 ಮೀಟರ್, ಎರಡನೇ ದರ್ಜೆಯದಕ್ಕೆ 25, ಮೂರನೇದಕ್ಕೆ 15 ಮೀಟರ್ ಬಿಡಬೇಕಿತ್ತು. ಮನೆ ಕಟ್ಟೋರು ಬಿಟ್ಟಿಲ್ಲ ಅಂತ ನಾವು ದೂರು ಬರೆಯೋರು. ನಾವೇ ಅಲ್ಲಿ ಶೆಡ್ ಹಾಕೋದು ಚೆನ್ನಾಗಿರಲ್ಲ. ನಾಲ್ಕನೇದು ಹೈಟೆನ್ಷನ್ ತಂತಿಯ ಕೆಳಗೆ. ಅದನ್ನ ಓದುವಾಗಲೇ ಬಿಟ್ಟೆ. ಉಳಿದದ್ದು ಒಂದೇ, ನೀರಿನ ಟ್ಯಾಂಕಿನ ಪಕ್ಕದ ಸಿ.ಎ. ಸೈಟು, ಅಂದರೆ ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ. ಐವತ್ತಕ್ಕೆ ಎಂಬತ್ತು ಅಡಿ. ಮುಂದೆ ನಲವತ್ತು ಅಡಿ ರಸ್ತೆ.

ನಿರ್ವಾಹಕಿ: ಬರ್ತಾ ದಾರೀಲೇ ನೋಡ್ಕೊಂಡು ಬಂದೆ ಸಾರ್. ನೆಲ ರಸ್ತೆಗಿಂತ ಎತ್ತರದಲ್ಲಿದೆ, ಮಳೆ ನೀರು ನಿಲ್ಲಲ್ಲ. ಮೂರು ಕಡೆ ಗೋಡೆ ಇದೆ. ಟಿಪ್ಪರ್ ಒಳಗೆ ಬಂದು ತಿರುಗೋಕೆ ಜಾಗ ಇದೆ. ನೀರು, ಕರೆಂಟು ಪಕ್ಕದಲ್ಲೇ ಇದೆ. ಪೌರಕಾರ್ಮಿಕರು ಬೆಳಿಗ್ಗೆ ಹಾಜರಿ ಕೊಡೋ ಜಾಗವೂ ಹತ್ತಿರ. ಇದಕ್ಕಿಂತ ಒಳ್ಳೆಯ ಜಾಗ ಈ ವಾರ್ಡಿನಲ್ಲಿ ಸಿಗಲ್ಲ.

ಹಿರಿಯರು: ಎದುರುಗಡೆ ಒಂದು ಸಾಲು ಮನೆಗಳಿವೆ, ನೋಡಿದಿರಾ?

ನಿರ್ವಾಹಕಿ: ನೋಡಿದೆ. ಅದರಲ್ಲಿ ಮಾವಿನ ಮರ ಇರೋ ಮನೆ ನಿಮ್ಮದು ಅಂತಾನೂ ಗೊತ್ತು. ಈಗ ಅದರೊಳಗೇ ಕೂತಿದ್ದೀನಲ್ಲ.

ಹಿರಿಯರು: ಹಾಗಾದರೆ ಇನ್ನು ನಾನು ಅಧ್ಯಕ್ಷನಾಗಿ ಅಲ್ಲ, ಎದುರುಮನೆಯವನಾಗಿ ಕೇಳ್ತೀನಿ. ಮುಚ್ಚುಮರೆ ಇಲ್ಲದೆ ಉತ್ತರ ಹೇಳಿ. ವಾಸನೆ?

ನಿರ್ವಾಹಕಿ: ಬರುತ್ತೆ. ಬರಲ್ಲ ಅಂತ ಹೇಳಿ ಜಾಗ ತಗೊಂಡರೆ ಮೂರು ತಿಂಗಳಲ್ಲಿ ನಿಮ್ಮ ಹತ್ತಿರ ಬೈಸಿಕೊಳ್ಳಬೇಕಾಗುತ್ತೆ. ಆದರೆ ಪೇಪರ್ ನಾರಲ್ಲ, ರಟ್ಟು ನಾರಲ್ಲ, ಕಬ್ಬಿಣ ನಾರಲ್ಲ. ನಾರೋದು ಒಣ ಕಸದ ಚೀಲದೊಳಗೆ ಬಚ್ಚಿಟ್ಟುಕೊಂಡು ಬರೋ ಹಸಿ ಕಸ. ಬಿರಿಯಾನಿ ಅಂಟಿರೋ ಡಬ್ಬ, ತೊಳೆಯದ ಹಾಲಿನ ಕವರು, ಪೇಪರಲ್ಲಿ ಸುತ್ತಿ ಗುರುತು ಹಾಕದೆ ಎಸೆದ ಪ್ಯಾಡು. ವಾಸನೆ ಇಲ್ಲಿ ಹುಟ್ಟಲ್ಲ ಸಾರ್, ಮನೆಗಳಿಂದ ಬರುತ್ತೆ. ಅಂಥದ್ದನ್ನ ನಾವು ಅವತ್ತವತ್ತೇ ಬೇರೆ ಮಾಡಿ ಕಳಿಸಬೇಕು. ಪಾಲಿಕೆ ಗಾಡಿ ಅದನ್ನ ಅವತ್ತೇ ಒಯ್ಯಬೇಕು. ಒಯ್ಯದೆ ಎರಡು ದಿನ ಬಿಟ್ಟರೆ ನೀವು ಜಗಳಕ್ಕೆ ಬರೋದು ನ್ಯಾಯ.

ಹಿರಿಯರು: ಇಲಿ, ಸೊಳ್ಳೆ?

ನಿರ್ವಾಹಕಿ: ಇಲಿ ಬರೋದು ತಿನ್ನೋಕೆ ಸಿಕ್ಕರೆ. ಹಸಿ ನಿಂತರೆ ಇಲಿಯೂ ನಿಲ್ಲುತ್ತೆ. ಸೊಳ್ಳೆಗೆ ನಿಂತ ನೀರು ಬೇಕು. ಟೈರು, ಮುಚ್ಚಳ ಇಲ್ಲದ ಡಬ್ಬ, ಒಡೆದ ಬಕೆಟ್ಟು ಬಯಲಲ್ಲಿ ಬಿದ್ದಿದ್ದರೆ ಡೆಂಗಿ ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತೆ. ಅದಕ್ಕೇ ನಾನು ಸೂರಿಲ್ಲದ ಜಾಗ ಒಪ್ಪಲ್ಲ. ಇಡೀ ಅಂಗಳಕ್ಕೆ ಶೀಟು ಬೇಕು, ನೆಲಕ್ಕೆ ಕಾಂಕ್ರೀಟ್ ಬೇಕು.

ಹಿರಿಯರು: ಬೆಂಕಿ? ಸೇತುವೆಗೆ ಒಂದು ನ್ಯಾಯ, ನನ್ನ ಮನೆಗೆ ಒಂದು ನ್ಯಾಯ ಆಗಬಾರದಲ್ಲ.

ನಿರ್ವಾಹಕಿ: ಅದೂ ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಗೋಡೆ ಇದೆ, ಪಕ್ಕದಲ್ಲೇ ನೀರಿನ ಟ್ಯಾಂಕಿದೆ, ಬೆಂಕಿ ಆರಿಸೋ ಗಾಡಿ ನೇರ ಬಾಗಿಲಿಗೆ ಬರಬಹುದು. ಆದರೆ ಬರೀ ಜಾಗದಿಂದ ಬೆಂಕಿ ತಪ್ಪಲ್ಲ. ಮಾಲು ಹೆಚ್ಚು ದಿನ ಕೂಡಿಡಬಾರದು. ರೇಟು ಏರಲಿ ಅಂತ ಕಾಯೋ ಆಸೆ ನಮ್ಮೋರಿಗೂ ಇರುತ್ತೆ, ಆಗ ರಾಶಿ ಸೂರು ಮುಟ್ಟುತ್ತೆ. ವೈರಿಂಗ್ ಸರಿ ಇರಬೇಕು. ಮೊಬೈಲ್ ಬ್ಯಾಟರಿ, ಆಟಿಕೆ ಬ್ಯಾಟರಿ ಬಂದರೆ ಅದಕ್ಕೆ ಬೇರೆ ಡಬ್ಬ. ಬೇಲಿಂಗ್ ಯಂತ್ರದೊಳಗೆ ಸಿಕ್ಕಿ ಜಜ್ಜಿಹೋದರೆ ಅದೇ ಹತ್ತಿಕೊಳ್ಳುತ್ತೆ. ದೀಪಾವಳಿ ಮೂರೂ ರಾತ್ರಿ ಒಬ್ಬರು ಅಲ್ಲೇ ಮಲಗಬೇಕು.

ಹಿರಿಯರು: ಗಾಜು ಒಡೆಯೋ ಸದ್ದು? ಪಕ್ಕದ ವಾರ್ಡಿನವರ ದೊಡ್ಡ ದೂರೇ ಅದು.

ನಿರ್ವಾಹಕಿ: ಆ ದೂರು ನಮ್ಮ ಕೇಂದ್ರದ ಮೇಲೇ ಬಂದಿರೋದು. ಗಾಜು ಸುರಿಯೋದನ್ನ ಈಗ ಹಗಲು ಹತ್ತರಿಂದ ನಾಲ್ಕರೊಳಗೆ ಮುಗಿಸ್ತೀವಿ. ಮೊದಲೇ ಗಾಜಿನ ಜಾಗವನ್ನ ಹಿಂದಿನ ಗೋಡೆ ಪಕ್ಕ ಇಟ್ಟಿದ್ದರೆ ದೂರೇ ಬರ್ತಿರಲಿಲ್ಲ. ಅಲ್ಲಿ ಅದು ರಸ್ತೆಗೆ ಮುಖ ಮಾಡಿದೆ. ಜಾಗ ಹುಡುಕೋರು ಸೈಟು ನೋಡ್ತಾರೆ, ಸೈಟಿನೊಳಗೆ ಯಾವುದು ಎಲ್ಲಿ ಅಂತ ನೋಡಲ್ಲ.

ಹಿರಿಯರು: ಪೆನ್ಸಿಲ್ ತಗೊಳ್ಳಿ, ಇಲ್ಲೇ ಹಾಕೋಣ. ಇದು ರಸ್ತೆ, ಇದು ಗೇಟು.

ನಿರ್ವಾಹಕಿ: ಗೇಟು ಮೂಲೆಗೆ ಬರಲಿ, ನಡುವೆ ಬೇಡ. ಟಿಪ್ಪರ್ ರಸ್ತೇಲಿ ನಿಲ್ಲದೆ ಪೂರ್ತಿ ಒಳಗೆ ಬಂದು ನಿಲ್ಲಬೇಕು. ಒಳಗೆ ಬಂದ ಕೂಡಲೇ ತೂಕದ ಯಂತ್ರ. ಅದರ ಮುಂದೆ ವಿಂಗಡಿಸೋ ಮೇಜು, ಸೊಂಟದೆತ್ತರಕ್ಕೆ. ನೆಲದ ಮೇಲೆ ಕೂತು ಬಗ್ಗಿ ಆಯ್ದು ಆಯ್ದು ನಮ್ಮೋರ ಬೆನ್ನು ಹೋಗಿದೆ. ಮೇಜಿನ ಹಿಂದೆ ಗೋಣಿಚೀಲಗಳ ಸಾಲು. ಪೆಟ್ ಬಾಟಲಿ ಒಂದು, ಹಾಲಿನ ಕವರು ಒಂದು, ಗಟ್ಟಿ ಪ್ಲಾಸ್ಟಿಕ್ ಒಂದು, ಟೆಟ್ರಾ ಪ್ಯಾಕ್ ಒಂದು, ಹೀಗೆ. ಚಿಪ್ಸ್ ಪ್ಯಾಕೆಟ್ಟಿನ ಥರದ್ದನ್ನ ಯಾರೂ ಕೊಳ್ಳಲ್ಲ, ಅದು ಸಿಮೆಂಟ್ ಕಾರ್ಖಾನೆಗೆ ಉರುವಲಾಗಿ ಹೋಗುತ್ತೆ. ಅದಕ್ಕೆ ದೊಡ್ಡ ಜಾಗ ಬಿಡಿ, ದಿನದಿನಕ್ಕೂ ಅದೇ ಹೆಚ್ಚಾಗ್ತಿದೆ. ಆಮೇಲೆ ಬೇಲಿಂಗ್ ಯಂತ್ರ, ಅದರ ಪಕ್ಕ ಕಟ್ಟಿದ ಮಾಲು. ಹಿಂದಿನ ಗೋಡೆಗೆ ಗಾಜು.

ಹಿರಿಯರು: ಈ ಮೂಲೆ ಖಾಲಿ ಉಳೀತಲ್ಲ.

ನಿರ್ವಾಹಕಿ: ಅದು ಹೆಂಗಸರಿಗೆ ಸಾರ್. ಒಂದು ಶೌಚಾಲಯ, ಕೈಕಾಲು ತೊಳ್ಕೊಂಡು ಸೀರೆ ಬದಲಾಯಿಸೋಕೆ ಒಂದು ಕೋಣೆ. ಎಲ್ಲ ನಕ್ಷೆಯಲ್ಲೂ ಇದು ಕೊನೆಗೆ ಬರುತ್ತೆ, ದುಡ್ಡು ಸಾಲದೆ ಬಂದಾಗ ಮೊದಲು ಹೋಗುತ್ತೆ. ನೀವೇ ಬರೆದಿಟ್ಟರೆ ಹೋಗಲ್ಲ.

ಹಿರಿಯರು: ಬರೆದೆ. ಇನ್ನು ನಮ್ಮ ಸಾಲಿನವರು ಕೇಳೋ ಕೊನೇ ಪ್ರಶ್ನೆ. ಕೇಂದ್ರ ಬಂದರೆ ಮನೆ ಬೆಲೆ ಬಿದ್ದುಹೋಗುತ್ತೆ ಅಂತಾರೆ. ಇನ್ನೊಂದು ಮಾತನ್ನ ಬಾಯಿಬಿಟ್ಟು ಹೇಳಲ್ಲ, ಆದರೆ ಮನಸ್ಸಿನಲ್ಲಿ ಇರುತ್ತೆ. ಎಂಥೆಂಥ ಜನ ಬಂದು ಹೋಗ್ತಾರೋ ಅಂತ.

ನಿರ್ವಾಹಕಿ: ನೀವೇ ಬಾಯಿಬಿಟ್ಟಿದ್ದು ಒಳ್ಳೇದಾಯ್ತು. ನಿಮ್ಮ ಮೂರನೇ ಅಡ್ಡರಸ್ತೇಲಿ ಗುಜರಿ ಅಂಗಡಿ ಎಷ್ಟು ವರ್ಷದಿಂದ ಇದೆ?

ಹಿರಿಯರು: ನಾವು ಮನೆ ಕಟ್ಟಿಸೋದಕ್ಕೂ ಮುಂಚಿನಿಂದ.

ನಿರ್ವಾಹಕಿ: ಅವರೂ ಪೇಪರು, ಬಾಟಲಿ, ಕಬ್ಬಿಣವನ್ನೇ ಕೊಳ್ತಾರೆ. ಅವರ ಹತ್ತಿರವೂ ನಮ್ಮ ಜನವೇ ಮಾಲು ತಂದು ಹಾಕ್ತಾರೆ. ಅದರ ಮೇಲೆ ಒಂದು ಅರ್ಜಿ ಹೋಗಿದೆಯಾ? ಅಲ್ಲಿ ಮನೆ ಬೆಲೆ ಬಿತ್ತಾ? ಗುಜರಿ ಅಂಗಡಿಗೆ ನೀವು ಮಾರೋಕೆ ಹೋಗ್ತೀರಿ, ಅದಕ್ಕೇ ಅದು ಅಂಗಡಿ. ನಮಗೆ ಸುಮ್ಮನೆ ಕೊಡ್ತೀರಿ, ಅದಕ್ಕೆ ನಮ್ಮದು ಕಸ. ಜನದ ಮಾತು ಹೇಳಬೇಕೂಂದರೆ, ಮೊದಲೆಲ್ಲ ಬೆಳಗಿನ ಜಾವ ಚೀಲ ಹೆಗಲಿಗೆ ಹಾಕ್ಕೊಂಡು ಹೊರಟರೆ ಕಳ್ಳರು ಅಂತ ನಿಲ್ಲಿಸ್ತಿದ್ದರು. ಪಾಲಿಕೆಯವರು ಕಸ ಆಯೋರಿಗೆ ಗುರುತಿನ ಚೀಟಿ ಕೊಟ್ಟಮೇಲೆ ಅದು ಕಡಿಮೆಯಾಯ್ತು. ಈಗ ಮನೆಮನೆಯವರಿಗೂ ನಮ್ಮ ಹೆಸರು ಗೊತ್ತು. ಕೇಂದ್ರ ಊರೊಳಗೆ ಬಂದದ್ದಕ್ಕೆ ನಮಗೆ ಹೆಸರು ಸಿಕ್ಕಿದ್ದು. ನೀವು ಊರಾಚೆ ಹಾಕಿ ಅಂದರೆ ಕಸವನ್ನ ಮಾತ್ರ ಆಚೆ ಹಾಕಿದ ಹಾಗಾಗಲ್ಲ.

ಹಿರಿಯರು: ಈ ಮಾತನ್ನ ಸಭೆಯಲ್ಲಿ ನೀವೇ ಹೇಳಬೇಕು. ನನ್ನ ಬಾಯಲ್ಲಿ ಅದಕ್ಕೆ ಇಷ್ಟು ತೂಕ ಬರಲ್ಲ.

ನಿರ್ವಾಹಕಿ: ಕರೆದರೆ ಬರ್ತೀನಿ. ಇಲ್ಲೀವರೆಗೆ ಯಾರೂ ಕರೆದಿಲ್ಲ. ಜಾಗ ತೀರ್ಮಾನ ಆದಮೇಲೆ ನಮಗೆ ಬೀಗದ ಕೈ ಕೊಡ್ತಾರೆ.

ಹಿರಿಯರು: ಕಾಗದಪತ್ರದ ವಿಚಾರಕ್ಕೂ ಬರೋಣ. ನಿಮ್ಮ ಕೇಂದ್ರವನ್ನ ಮಧ್ಯೆ ಯಾರಾದರೂ ಎಬ್ಬಿಸಿದ್ದುಂಟೆ?

ನಿರ್ವಾಹಕಿ: ನನಗೆ ಗೊತ್ತಿರೋ ಕೇಂದ್ರಗಳಲ್ಲಿ ಆ ಭಯ ಇಲ್ಲದ್ದು ಒಂದೂ ಇಲ್ಲ. ಅದೇ ಜಾಗದಲ್ಲಿ ಇನ್ನೊಂದು ಕಟ್ಟಡ ಬರುತ್ತೆ ಅಂದರೆ ನಾವು ಗಂಟುಮೂಟೆ ಕಟ್ಟಬೇಕು. ನಾಳೆ ಇರ್ತೀವೋ ಇಲ್ವೋ ಗೊತ್ತಿಲ್ಲದೋರು ಶೀಟಿಗೆ, ಮೇಜಿಗೆ, ಯಂತ್ರಕ್ಕೆ ಸಾಲ ಮಾಡಲ್ಲ. ಸಾಲ ಮಾಡಿ ಸರಿ ಮಾಡಿಸದಿದ್ದರೆ ಕೇಂದ್ರ ಗಲೀಜಾಗುತ್ತೆ. ಗಲೀಜಾದರೆ ಎಬ್ಬಿಸೋಕೆ ಅದೇ ನೆಪ.

ಹಿರಿಯರು: ನಿಯಮಗಳೇನೋ ನಿಮ್ಮ ಪರವಾಗಿವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಮರುಬಳಕೆಯ ವಸ್ತು ವಿಂಗಡಿಸೋಕೆ ಸಾಕಷ್ಟು ಜಾಗ ಇರೋ ಕೇಂದ್ರಗಳನ್ನ ಸ್ಥಳೀಯ ಸಂಸ್ಥೆಯೇ ಮಾಡಬೇಕು, ಕಸ ಆಯೋರಿಗೆ ಅಲ್ಲಿ ಅವಕಾಶ ಇರಬೇಕು ಅಂತ ಬಂತು. 200ಕ್ಕೂ ಹೆಚ್ಚು ಮನೆಗಳ ಸಮುಚ್ಚಯ ಅಥವಾ 5,000 ಚದರ ಮೀಟರ್ ಮೀರಿದ ಜಾಗ ಇದ್ದರೆ ನಕ್ಷೆಯಲ್ಲೇ ಇದಕ್ಕೆ ಸ್ಥಳ ತೋರಿಸಬೇಕು ಅಂತಲೂ ಬಂತು. ನಮ್ಮ ಬಡಾವಣೆ ಅದಕ್ಕಿಂತ ಹಳೇದು. ನಕ್ಷೆ ಮಾಡುವಾಗ ಸ್ಕೂಲಿಗೆ, ಬ್ಯಾಂಕಿಗೆ, ಪಾರ್ಕಿಗೆ ಜಾಗ ಬಿಟ್ಟರು. ಮನೆ ಅಂದಮೇಲೆ ಕಸ ಬರುತ್ತೆ ಅನ್ನೋದು ಯಾರ ನಕ್ಷೆಯಲ್ಲೂ ಬರಲಿಲ್ಲ. ಈಗ ಅದಕ್ಕೇ ಈ ಹುಡುಕಾಟ.

ನಿರ್ವಾಹಕಿ: ಇಷ್ಟು ಹತ್ತಿರ ಮನೆಗಳಿರುವಾಗ ನಿಯಮ ಒಪ್ಪುತ್ತಾ ಸಾರ್? ಅದನ್ನೂ ಕೇಳ್ತಾರೆ.

ಹಿರಿಯರು: ಅದೇ ನಿಯಮದಲ್ಲಿ ಸುತ್ತ ಬಫರ್ ವಲಯ ಕೇಳಿದ್ದು ದಿನಕ್ಕೆ 5 ಟನ್ ಮೀರಿದ ಸಂಸ್ಕರಣಾ ಘಟಕಗಳಿಗೆ. ನಮ್ಮ ಲೆಕ್ಕ ಎರಡು ಟನ್. ನಮ್ಮ ವಾರ್ಡಿನದ್ದು ಮಾತ್ರ ಇಲ್ಲಿಗೆ ಬಂದರೆ ಆ ಮಿತಿಯ ಹತ್ತಿರಕ್ಕೂ ಹೋಗಲ್ಲ. ಸುತ್ತಲಿನ ವಾರ್ಡುಗಳದ್ದೂ ತಂದು ಸುರಿದರೆ ಮಾತು ಬೇರೆ. ಹಾಗಾಗಿ ನನ್ನ ಮೊದಲ ಷರತ್ತು ಇದು: ಬೇರೆ ವಾರ್ಡಿನ ಒಂದು ಗಾಡಿಯೂ ಈ ಗೇಟಿನೊಳಗೆ ಬರಕೂಡದು.

ನಿರ್ವಾಹಕಿ: ನನಗೂ ಅದೇ ಬೇಕು. ಮಿಕ್ಕಿದ್ದು ಹೇಳಿ.

ಹಿರಿಯರು: ಬೆಳಿಗ್ಗೆ ಏಳಕ್ಕೆ ಮುಂಚೆ, ಸಂಜೆ ಆರರ ನಂತರ ಕೆಲಸ ಇಲ್ಲ. ಹಸಿ ಕಸ ಒಂದು ರಾತ್ರಿಯೂ ಉಳಿಯಬಾರದು. ಮಾಲು ಗೋಡೆಗಿಂತ ಎತ್ತರ ಏರಬಾರದು, ವಾರಕ್ಕೊಮ್ಮೆಯಾದರೂ ಹೊರಗೆ ಹೋಗಬೇಕು. ಬೆಂಕಿ ಆರಿಸೋ ಸಿಲಿಂಡರು, ಮರಳಿನ ಬಕೆಟ್ಟು ಬಾಗಿಲಲ್ಲೇ ಇರಬೇಕು. ತಿಂಗಳಿಗೊಮ್ಮೆ ಸಂಘದವರಿಗೆ ಒಳಗೆ ಬಂದು ನೋಡೋ ಹಕ್ಕು. ಒಪ್ಪಂದ ಒಂದು ವರ್ಷಕ್ಕೆ, ಚೆನ್ನಾಗಿ ನಡೆದರೆ ಮುಂದುವರಿಸೋಣ.

ನಿರ್ವಾಹಕಿ: ಒಂದು ವರ್ಷ ಸಾಲಲ್ಲ ಸಾರ್. ಸೂರು ಹಾಕೋದರಲ್ಲಿ, ಕರೆಂಟು ತಗೊಳ್ಳೋದರಲ್ಲೇ ಅರ್ಧ ವರ್ಷ ಹೋಗುತ್ತೆ. ಐದು ವರ್ಷ ಬರೀರಿ.

ಹಿರಿಯರು: ಐದಕ್ಕೆ ನಮ್ಮ ಸಾಲಿನವರು ಸಹಿ ಹಾಕಲ್ಲ. ಮೂರು ವರ್ಷ. ಆದರೆ ಷರತ್ತು ಮುರಿದರೆ ವಾರ್ಡ್ ಸಮಿತಿಯ ಮುಂದೆ ವಿಚಾರಣೆ. ತಪ್ಪು ಯಾರದು ಅಂತ ಕೇಳದೆ ಎಬ್ಬಿಸೋ ಹಾಗಿಲ್ಲ. ಗಾಡಿ ಬಾರದೆ ಕಸ ಉಳಿದಿದ್ದರೆ ಅದರ ಹೊಣೆ ನಿಮ್ಮ ಮೇಲೆ ಬರಬಾರದು, ಪಾಲಿಕೆ ಮೇಲೆ ಬರಬೇಕು.

ನಿರ್ವಾಹಕಿ: ಮೂರಕ್ಕೆ ಒಪ್ಪಿದೆ. ಆದರೆ ಷರತ್ತು ಒಂದು ಕಡೆಯದ್ದೇ ಆದರೆ ಒಪ್ಪಂದ ಅನ್ನಿಸಿಕೊಳ್ಳಲ್ಲ. ನನ್ನದೂ ಬರ್ಕೊಳ್ಳಿ. ವಾರಕ್ಕೆ ಎರಡು ದಿನ ಒಣ ಕಸದ ಗಾಡಿ ಬರುತ್ತೆ, ಆ ಎರಡು ದಿನ ಮಾತ್ರ ಅದನ್ನ ಕೊಡಬೇಕು. ರಾತ್ರಿ ಹೊತ್ತು ಕೇಂದ್ರದ ಗೇಟಿನ ಮುಂದೆ ಚೀಲ ಎಸೆದು ಹೋಗೋದು ನಿಲ್ಲಬೇಕು. ಈ ವಾರ್ಡಿಗೊಂದು ಕಸ ಎಸೆಯೋ ಹೊಸ ಬ್ಲ್ಯಾಕ್ ಸ್ಪಾಟ್ ಹುಟ್ಟಿದರೆ ಅದು ಅಲ್ಲೇ ಹುಟ್ಟುತ್ತೆ. ಪ್ಯಾಡು, ಡಯಾಪರ್ ಬೇರೆ ಕಟ್ಟಿ ಗುರುತು ಹಾಕಿ ಕೊಡಬೇಕು. ಒಡೆದ ಗಾಜನ್ನ ರಟ್ಟಿನಲ್ಲಿ ಸುತ್ತಬೇಕು, ನಮ್ಮೋರ ಕೈ ಸೀಳುತ್ತೆ. ಬೆಲೆ ಬರೋ ಪೇಪರನ್ನ ಮಾತ್ರ ಗುಜರಿಗೆ ಮಾರಿ, ಚಿಪ್ಸ್ ಪ್ಯಾಕೆಟ್ಟು ಮಾತ್ರ ನಮಗೆ ಕೊಟ್ಟರೆ ಕೇಂದ್ರ ನಡೆಯಲ್ಲ. ನಾಲ್ಕು ಕಾಸು ಬರೋದನ್ನೂ ಜೊತೆಗೆ ಕೊಡಿ.

ಹಿರಿಯರು: ಕೊನೇದು ಕಷ್ಟ. ಪೇಪರ್ ಮಾರೋ ದುಡ್ಡು ಎಷ್ಟೋ ಮನೆಗಳಲ್ಲಿ ಕೆಲಸದವರ ಕೈಗೆ ಹೋಗುತ್ತೆ. ಅದನ್ನ ಬಿಡಿಸೋಕೆ ನಾನು ಹೇಳಲಾರೆ.

ನಿರ್ವಾಹಕಿ: ಅದು ಅವರಿಗೇ ಹೋಗಲಿ, ಅದನ್ನ ನಾನು ಕೇಳಲ್ಲ. ಸಂಘದ ಕಚೇರಿ, ಸ್ಕೂಲು, ಅಪಾರ್ಟ್‌ಮೆಂಟುಗಳ ಪೇಪರು, ರಟ್ಟು ನಮಗೆ ಬರಲಿ.

ಹಿರಿಯರು: ಅದು ಆಗಬಹುದು. ಅಪಾರ್ಟ್‌ಮೆಂಟಿನವರ ಹತ್ತಿರ ನಾನೇ ಮಾತಾಡ್ತೀನಿ. ಹೀಗೆ ಜನರೇ ಕೈಜೋಡಿಸಿದ್ದಕ್ಕೆ ಉದಾಹರಣೆಯೂ ಇದೆ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕಸದ ಘಟಕ ಇರೋದು ಜನವಸತಿಯ ಹತ್ತಿರವೇ. ನಾಗರಿಕರ ಸಂಸ್ಥೆಯೊಂದು ಪಾಲಿಕೆಯ ಜೊತೆ ಕೈಜೋಡಿಸಿ ಅದನ್ನ ನಡೆಸಿಕೊಂಡು ಬಂದದ್ದು ಊರೂರಿನವರು ಬಂದು ನೋಡೋ ಹಾಗಾಯ್ತು. ನಮ್ಮ ಸಾಲಿನವರನ್ನ ಅಲ್ಲಿಗೆ ಒಂದು ಸಲ ಕರೆದುಕೊಂಡು ಹೋಗೋಣವಾ?

ನಿರ್ವಾಹಕಿ: ಮೈಸೂರಿಗೆ ಆಮೇಲೆ ಹೋಗೋರಂತೆ ಸಾರ್. ಮೊದಲು ಪಕ್ಕದ ವಾರ್ಡಿಗೆ ಬನ್ನಿ, ನಡೆದೇ ಬರಬಹುದು. ಚೆನ್ನಾಗಿರೋದನ್ನೂ ನೋಡಿ, ಕೆಟ್ಟಿರೋದನ್ನೂ ನೋಡಿ. ರಸ್ತೆಗೆ ಮುಖ ಮಾಡಿರೋ ಗಾಜಿನ ರಾಶಿ ಈಗಲೂ ಅಲ್ಲೇ ಇದೆ.

ಹಿರಿಯರು: ಭಾನುವಾರ ಸಭೆ ಇದೆ. ಶನಿವಾರ ಬೆಳಿಗ್ಗೆ ನಮ್ಮ ಸಾಲಿನವರನ್ನ ಕರೆದುಕೊಂಡು ಬರ್ತೀನಿ. ಸಭೆಯಲ್ಲಿ ನನ್ನ ಅಭಿಪ್ರಾಯ ಹೀಗಿರುತ್ತೆ: ಟ್ಯಾಂಕಿನ ಪಕ್ಕದ ಸೈಟೇ ಸರಿಯಾದ ಜಾಗ. ನಮ್ಮ ವಾರ್ಡಿನ ಕಸ ಮಾತ್ರ ಬರಬೇಕು, ಒಪ್ಪಂದ ಮೂರು ವರ್ಷದ್ದು, ಷರತ್ತು ಎರಡೂ ಕಡೆಯದ್ದು, ಎಲ್ಲವೂ ಬರಹದಲ್ಲಿ ಇರಬೇಕು. ಎದುರುಮನೆಯವನಾಗಿ ಮೊದಲ ಸಹಿ ನಾನೇ ಹಾಕ್ತೀನಿ.

ನಿರ್ವಾಹಕಿ: ಸಹಿ ಹಾಕೋರು ಆವತ್ತು ಇನ್ನೊಂದು ಕೆಲಸವನ್ನೂ ಮಾಡಲಿ ಸಾರ್. ಸಭೆಗೆ ಬರುವಾಗ ಅವರವರ ಮನೆಯ ಒಣ ಕಸದ ಚೀಲ ತರಲಿ. ಅಲ್ಲೇ ಮೇಜಿನ ಮೇಲೆ ಸುರಿದು ನೋಡೋಣ. ಅದರಲ್ಲಿ ಹಸಿ ಇಲ್ಲದಿದ್ದರೆ ಕೇಂದ್ರ ಯಾರ ಮನೆ ಎದುರಿಗೆ ಬಂದರೂ ಹೆದರಬೇಕಾಗಿಲ್ಲ.